ಹುಣಸೆಯ ಕೆಳಗಿನ ಕೊಂಬೆ

ಹೊಳೆಯ ದಂಡೆಯಲ್ಲಿ ಸಾವಂತ್ರಮ್ಮನವರ ತೋಟವಿತ್ತು. ಆಲ, ಅರಳಿ, ಅತ್ತಿ, ಹುಣಸೆ ಎಲ್ಲವೂ ಅಲ್ಲಿದ್ದವು. ಯಾವ ಮರವೂ ಮೊಣಕಾಲಿಗಿಂತ ಎತ್ತರವಿರಲಿಲ್ಲ.

ಒಂದೊಂದು ಮರ ಒಂದೊಂದು ಕುಂಡದಲ್ಲಿ, ಕಲ್ಲುಕಟ್ಟೆಯ ಮೇಲೆ ಸಾಲಾಗಿ ಕೂತಿತ್ತು.

ತಿಂಗಳ ಎರಡನೇ ಭಾನುವಾರ ಊರಿನ ಬೋನ್ಸಾಯ್ ಬಳಗದವರು ಅಲ್ಲಿ ಸೇರುತ್ತಿದ್ದರು. ಹನ್ನೆರಡು ಮಂದಿ. ತಮ್ಮ ತಮ್ಮ ಕುಂಡಗಳನ್ನು ಆಟೋದಲ್ಲಿ, ಸ್ಕೂಟರಿನಲ್ಲಿ ಕಾಲ ಮಧ್ಯೆ ಇಟ್ಟುಕೊಂಡು ತರುತ್ತಿದ್ದರು. ಎಲೆ ಏಕೆ ಹಳದಿಯಾಯಿತು, ಬೇರನ್ನು ಯಾವಾಗ ಕತ್ತರಿಸಬೇಕು ಎಂದು ಕೇಳುತ್ತಿದ್ದರು. ಚಹಾ ಕುಡಿದು ಹೊರಡುತ್ತಿದ್ದರು.

ದಾದಾಪೀರ್ ಮಾತ್ರ ದಿನವೂ ಬರುತ್ತಿದ್ದ. ಪೇಟೆಯಲ್ಲಿ ಅವನದು ಹೊಲಿಗೆ ಅಂಗಡಿ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಎರಡು ಗಂಟೆ ತೋಟದಲ್ಲಿರುತ್ತಿದ್ದ. ಏಳು ವರ್ಷದಿಂದ ಸಾವಂತ್ರಮ್ಮನವರ ಶಿಷ್ಯ.

ಬಳಗದಲ್ಲಿ ಅವನಷ್ಟು ಚೊಕ್ಕವಾಗಿ ಕೊಂಬೆ ಸವರುವವರು ಇನ್ನೊಬ್ಬರಿರಲಿಲ್ಲ.

ಅದು ಅವನಿಗೂ ಗೊತ್ತಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಪ್ರಫುಲ್ಲಾ ಟೀಚರ್ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಬಳಗವನ್ನು ಕಟ್ಟಿದವರೇ ಅವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು. ಮನೆಯಲ್ಲಿ ಒಬ್ಬರೇ. ಗುಣವಾಗುವವರೆಗೆ ಧಾರವಾಡದಲ್ಲಿರುವ ತಂಗಿಯ ಮನೆಗೆ ಹೊರಟರು.

ಹೊರಡುವ ಮುಂಚೆ ತಮ್ಮ ಹುಣಸೆಯನ್ನು ತೋಟಕ್ಕೆ ಕಳಿಸಿದರು. ಮೂವತ್ತೊಂದು ವರ್ಷದ ಮರ.

ಸಾವಂತ್ರಮ್ಮ ಅದನ್ನು ದಾದಾಪೀರನ ಕೈಗೆ ಕೊಟ್ಟರು.

"ಇಲ್ಲಿ ಈಗ ಮಂಗಗಳ ಕಾಟ. ನಿನ್ನ ಮಾಳಿಗೆಯ ಮೇಲೆ ಬೆಳಗಿನ ಬಿಸಿಲು ಚೆನ್ನಾಗಿದೆ. ಅಲ್ಲಿಟ್ಟುಕೋ."

"ಎಷ್ಟು ದಿನ ಅಮ್ಮಾ?"

"ಅವರು ಬರುವವರೆಗೆ. ಹೇಗೆ ಬಂತೋ ಹಾಗೇ ವಾಪಸ್ ಹೋಗಬೇಕು."

"ಅದರಲ್ಲೇನಿದೆ?" ಎಂದ ದಾದಾಪೀರ್.

ಹುಣಸೆ ಅವನ ಮಾಳಿಗೆಗೆ ಬಂತು.

ದಪ್ಪ ಬುಡ, ಬಿರುಕು ಬಿಟ್ಟ ತೊಗಟೆ, ಕೊಡೆ ಬಿಚ್ಚಿದಂಥ ನೆತ್ತಿ. ನೋಡಿದಷ್ಟೂ ನೋಡಬೇಕೆನಿಸುವ ಮರ. ಆದರೆ ಕೆಳಗೊಂದು ಕೊಂಬೆ ಎಡಕ್ಕೆ ಚಾಚಿಕೊಂಡಿತ್ತು. ಅದನ್ನು ಬಾಗಿಸಲೆಂದು ಯಾರೋ ಹಿಂದೆ ತಂತಿ ಸುತ್ತಿದ್ದರು. ಸುತ್ತು ಒಂದು ಕಡೆ ಒತ್ತೊತ್ತು, ಇನ್ನೊಂದು ಕಡೆ ವಿರಳ. ತೆಗೆಯುವುದು ತಡವಾಗಿ ತಂತಿ ತೊಗಟೆಯನ್ನು ಕಚ್ಚಿತ್ತು. ತಂತಿ ಹೋಗಿ ವರ್ಷಗಳಾದರೂ ಕಲೆ ಉಳಿದಿತ್ತು.

ಪ್ರತಿ ವರ್ಷದ ಪ್ರದರ್ಶನದಲ್ಲೂ ತೀರ್ಪುಗಾರರು ಆ ಕೊಂಬೆಯನ್ನು ತೋರಿಸಿ ತಲೆಯಾಡಿಸುತ್ತಿದ್ದರು. ಟೀಚರ್ ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು.

ದಾದಾಪೀರ್ ದಿನವೂ ನೀರು ಹಾಕುವಾಗ ಅದನ್ನೇ ನೋಡುತ್ತಿದ್ದ. ಹೊಲಿದು ಮುಗಿಸಿದ ಅಂಗಿಯಲ್ಲಿ ದಾರವೊಂದು ಹೊರಗೆ ನೇತಾಡಿದ ಹಾಗೆ ಅವನಿಗೆ ಕಾಣುತ್ತಿತ್ತು.

ಜನವರಿಯ ಪ್ರದರ್ಶನಕ್ಕೆ ಒಂದು ವಾರವಿತ್ತು. ಬಳಗದ ಅಧ್ಯಕ್ಷರಾದ ನಾಗಭೂಷಣ ಅವರು, ಟೀಚರ್ ಇಲ್ಲದಿದ್ದರೂ ಅವರ ಹೆಸರಿನಲ್ಲಿ ಹುಣಸೆ ಇರಲಿ ಎಂದರು. ಟೀಚರೂ ಫೋನಿನಲ್ಲಿ ಒಪ್ಪಿದರು.

ಮರುದಿನ ಬೆಳಿಗ್ಗೆ ದಾದಾಪೀರ್ ಕತ್ತರಿ ತೆಗೆದುಕೊಂಡು ಮಾಳಿಗೆ ಹತ್ತಿದ. ಒಂದೇ ಸಲಕ್ಕೆ ಕೊಂಬೆ ಕೆಳಗೆ ಬಿತ್ತು. ಗಾಯಕ್ಕೆ ಮುಲಾಮು ಹಚ್ಚಿದ. ಎರಡು ಹೆಜ್ಜೆ ಹಿಂದೆ ನಿಂತು ನೋಡಿದ.

ಈಗ ಮರ ಸರಿಯಾಗಿತ್ತು.

ಹುಣಸೆಗೆ ಮೊದಲ ಬಹುಮಾನ ಬಂತು. ಜನ ಫೋಟೊ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ದಾದಾಪೀರ್ ಒಂದು ಕೈಯಲ್ಲಿ ಕುಂಡ, ಇನ್ನೊಂದರಲ್ಲಿ ಕಪ್ ಹಿಡಿದು ತೋಟಕ್ಕೆ ಬಂದ. ಸಾವಂತ್ರಮ್ಮ ಪ್ರದರ್ಶನಗಳಿಗೆ ಹೋಗುತ್ತಿರಲಿಲ್ಲ.

"ಅಮ್ಮಾ, ಟೀಚರ ಹುಣಸೆ ಗೆದ್ದಿತು!"

ಸಾವಂತ್ರಮ್ಮ ಕಪ್ಪನ್ನು ನೋಡಲಿಲ್ಲ. ಕುಂಡವನ್ನು ಕಟ್ಟೆಯ ಮೇಲಿಟ್ಟು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು.

"ಕೆಳಗಿನ ಕೊಂಬೆ?"

"ತೆಗೆದುಬಿಟ್ಟೆ ಅಮ್ಮಾ. ಮರದ ಅಂದವನ್ನೇ ಕೆಡಿಸಿತ್ತು. ಯಾರೋ ಕೆಲಸ ಬಾರದವರು ತಂತಿ ಸುತ್ತಿದ್ದರು."

"ಯಾರು ಅಂತ ಗೊತ್ತಾ?"

"ಇಲ್ಲ."

"ಟೀಚರ ಯಜಮಾನರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲೇ ಸುತ್ತಿದರು. ಅದಾಗಿ ಮೂರು ತಿಂಗಳಿಗೆ ತೀರಿಕೊಂಡರು. ಹನ್ನೊಂದು ವರ್ಷ ಆಯ್ತು."

ದಾದಾಪೀರ್ ಕಪ್ಪನ್ನು ಕೆಳಗಿಟ್ಟ.

ಕೊಂಬೆ ಇದ್ದ ಜಾಗವನ್ನು ನೋಡುತ್ತ ಕೇಳಿದ: "ನಿಮಗೆ ಗೊತ್ತಿತ್ತು. ಯಾಕೆ ನನಗೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ನಾನೂ ಹೇಳಬೇಕಿತ್ತು. ನನ್ನದೂ ತಪ್ಪಿದೆ."

ಅವನು ಓಡಿ ಮನೆಗೆ ಹೋದ. ಮಾಳಿಗೆಯ ಮೂಲೆಯಲ್ಲಿ ತರಗೆಲೆ ತುಂಬಿಟ್ಟ ಗೋಣಿಚೀಲವಿತ್ತು. ಅದನ್ನೆಲ್ಲ ಸುರುವಿ ಹುಡುಕಿದ. ಕೊಂಬೆ ಸಿಕ್ಕಿತು. ಎಲೆ ಉದುರಿ ಒಣಗಿತ್ತು. ತಂತಿ ಸುತ್ತಿದ ಗುರುತು ಹಾಗೇ ಇತ್ತು.

ಫೆಬ್ರವರಿಯ ಎರಡನೇ ಭಾನುವಾರ ಟೀಚರ್ ಊರಿಗೆ ಮರಳಿ ತೋಟಕ್ಕೆ ಬರುತ್ತಾರೆಂದು ಸುದ್ದಿ ಬಂತು.

ಅದರ ಹಿಂದಿನ ದಿನ ದಾದಾಪೀರ್ ಒಂದು ಚಿಕ್ಕ ಡಬ್ಬಿ ತಂದ. ಕಾಡಿಗೆ, ಮಣ್ಣು, ಸ್ವಲ್ಪ ಅಂಟು ಸೇರಿಸಿ ಕಲಸಿದ್ದ. ಹುಣಸೆ ತೊಗಟೆಯದೇ ಬಣ್ಣ. ಗಾಯದ ಮೇಲೆ ಹಚ್ಚತೊಡಗಿದ.

ಸಾವಂತ್ರಮ್ಮ ಬಂದು ಪಕ್ಕದಲ್ಲಿ ನಿಂತರು.

"ಏನದು?"

"ಗಾಯಕ್ಕೆ ಅಮ್ಮಾ."

"ಮುಲಾಮು ಆಗಲೇ ಹಚ್ಚಿದ್ದೀಯಲ್ಲ."

ಅವನು ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ: "ಅಮ್ಮಾ, ಕೊಂಬೆ ಒಣಗಿಹೋಗಿತ್ತು, ತೆಗೆಯಲೇಬೇಕಾಯ್ತು ಅಂತ ನೀವು ಒಂದು ಮಾತು ಹೇಳಿದರೆ ಟೀಚರ್ ನಂಬ್ತಾರೆ. ಅವರಿಗೂ ನೋವು ಕಡಿಮೆ."

ಸಾವಂತ್ರಮ್ಮ ಒದ್ದೆ ಬಟ್ಟೆ ತಂದರು. ಅವನು ಹಚ್ಚಿದ ಬಣ್ಣವನ್ನು ಮೆಲ್ಲಗೆ ಒರೆಸಿದರು. ಬಿಳಿಯ ಗಾಯ ಮತ್ತೆ ಕಂಡಿತು.

"ನೀರು, ಹುಳ ಒಳಗೆ ಹೋಗದ ಹಾಗೆ ಗಾಯ ಮುಚ್ಚಬೇಕು," ಎಂದರು. "ಯಾರ ಕಣ್ಣಿಗೂ ಬೀಳದ ಹಾಗೆ ಅಲ್ಲ."

ಭಾನುವಾರ ಎಲ್ಲರೂ ಬಂದಿದ್ದರು. ಆಟೋ ಬೇಲಿಯ ಹತ್ತಿರ ನಿಂತಿತು. ಪ್ರಫುಲ್ಲಾ ಟೀಚರ್ ಊರುಗೋಲು ಹಿಡಿದು ಇಳಿದರು. ಮೊದಲಿಗಿಂತ ಸೊರಗಿದ್ದರು.

ನಾಗಭೂಷಣ ಅವರು ಎದುರು ಹೋಗಿ ಕಪ್ ಕೊಟ್ಟರು. "ಟೀಚರ್, ನಿಮ್ಮ ಮರ ಈ ಸಲ ಎಲ್ಲರನ್ನೂ ಸೋಲಿಸಿತು!"

ಉಳಿದವರು ಚಪ್ಪಾಳೆ ತಟ್ಟಿದರು.

ಟೀಚರ್ ನಗುತ್ತಲೇ ಕಟ್ಟೆಯ ಹತ್ತಿರ ಬಂದರು. ಹುಣಸೆಯನ್ನು ನೋಡಿದರು. ನಗು ನಿಂತಿತು.

ಅವರ ಎಡಗೈ ಕೊಂಬೆ ಇದ್ದ ಜಾಗಕ್ಕೆ ಹೋಗಿ, ಏನನ್ನೂ ಮುಟ್ಟದೆ ಹಾಗೇ ಉಳಿಯಿತು.

ಚಪ್ಪಾಳೆ ತಟ್ಟಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಆ ಕೊಂಬೆ ಒಣಗಿತ್ತು ಅಂತ ಕಾಣುತ್ತೆ," ಎಂದರು ನಾಗಭೂಷಣ. "ಅಲ್ವೇನೋ ದಾದಾಪೀರ್?"

ಹೌದು ಎಂದರೆ ಸಾಕಿತ್ತು.

ದಾದಾಪೀರ್ ಗುರುವಿನ ಕಡೆ ನೋಡಿದ. ಸಾವಂತ್ರಮ್ಮ ಕಟ್ಟೆಯ ಆ ತುದಿಯಲ್ಲಿ ಅತ್ತಿಗಿಡಕ್ಕೆ ನೀರು ಹಾಕುತ್ತಿದ್ದರು. ತಿರುಗಲಿಲ್ಲ.

"ಒಣಗಿರಲಿಲ್ಲ," ಎಂದ ದಾದಾಪೀರ್. "ಹಸಿಯಾಗಿತ್ತು. ನಾನು ಕತ್ತರಿಸಿದೆ. ಬಹುಮಾನ ಬರಲಿ ಅಂತ ಕತ್ತರಿಸಿದೆ. ನಿಮ್ಮನ್ನ ಕೇಳಲಿಲ್ಲ."

ಅಂಗಿಯ ಜೇಬಿನಿಂದ ಒಣಗಿದ ಕೊಂಬೆಯನ್ನು ತೆಗೆದು ಎರಡೂ ಕೈಯಲ್ಲಿ ಚಾಚಿದ.

ಟೀಚರ್ ಅದನ್ನು ತೆಗೆದುಕೊಂಡರು. ಹೆಬ್ಬೆರಳಿನಿಂದ ಕಲೆಯ ಮೇಲೆ ಒಂದೊಂದೇ ಸುತ್ತು ಸವರಿದರು.

"ಎಷ್ಟು ಹೊತ್ತು ಬೇಕಾಯ್ತು?"

"ಏನಕ್ಕೆ ಟೀಚರ್?"

"ಕತ್ತರಿಸೋದಕ್ಕೆ."

"ಒಂದು ನಿಮಿಷವೂ ಇಲ್ಲ."

"ಅವರಿಗೆ ಸುತ್ತೋಕೆ ಎರಡು ದಿನ ಬೇಕಾಯ್ತು," ಎಂದರು ಟೀಚರ್. "ನಾನು ಸಹಾಯ ಮಾಡ್ತೀನಿ ಅಂದರೆ ಬಿಡಲಿಲ್ಲ."

ಕೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ಕಪ್ಪನ್ನು ಕಟ್ಟೆಯ ಮೇಲೆ ಬಿಟ್ಟರು. ಅವರು ಆಟೋ ಹತ್ತುವಾಗ ಸಾವಂತ್ರಮ್ಮನವರು ಹತ್ತಿರ ಹೋದರು.

"ಮರ ಕಳಿಸಲಾ?"

"ಬೇಡ. ಸದ್ಯಕ್ಕೆ ಅದನ್ನ ನೋಡೋಕೆ ನನ್ನಿಂದ ಆಗಲ್ಲ."

ಎಲ್ಲರೂ ಹೋದ ಮೇಲೆ ದಾದಾಪೀರ್ ತನ್ನ ಕತ್ತರಿ, ಇಕ್ಕಳ, ತಂತಿ ಸುರುಳಿ ಎಲ್ಲವನ್ನೂ ತಂದು ಗುರುವಿನ ಮುಂದಿಟ್ಟ.

"ಇನ್ನು ಮೇಲೆ ಯಾವ ಮರವನ್ನೂ ಕತ್ತರಿಸಲ್ಲ ಅಮ್ಮಾ. ಇದು ನನ್ನ ಆಣೆ."

"ನಾಳೆ ಬರ್ತೀಯಾ?"

"ಬರ್ತೀನಿ. ನೀರು ಹಾಕ್ತೀನಿ. ಕಸ ಗುಡಿಸ್ತೀನಿ."

"ಸರಿ," ಎಂದರು ಸಾವಂತ್ರಮ್ಮ. ಸಲಕರಣೆಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟರು.

ಅವನು ದಿನವೂ ಬಂದ. ನೀರು ಹಾಕಿದ. ಕಸ ಗುಡಿಸಿದ. ಹುಣಸೆಯ ಹತ್ತಿರ ಹೋದಾಗ ಗಾಯವಿಲ್ಲದ ಕಡೆಯಿಂದಲೇ ನೀರು ಹಾಕುತ್ತಿದ್ದ. ಸಾವಂತ್ರಮ್ಮ ಅದನ್ನು ನೋಡಿದರು.

ಬಳಗದವರು ಬಂದಾಗ ಅವನು ಹೊಳೆಯ ಕಡೆ ಹೋಗಿಬಿಡುತ್ತಿದ್ದ.

ಯುಗಾದಿ ಬಂತು, ಹೋಯಿತು.

ಒಂದು ಬೆಳಿಗ್ಗೆ ಸಾವಂತ್ರಮ್ಮ ಕರೆದರು. "ಈ ಕಡೆಯಿಂದ ಬಾ."

ಹುಣಸೆಯ ಗಾಯದ ಸುತ್ತ ಚಿಗುರು ಒಡೆದಿತ್ತು. ಒಂದಲ್ಲ, ಎರಡಲ್ಲ. ಹನ್ನೊಂದು. ಒಂದಕ್ಕೊಂದು ತಾಗಿಕೊಂಡು, ಎಳೆಗೆಂಪು.

ದಾದಾಪೀರ್ ಕುಂಡದ ಮುಂದೆ ಬಗ್ಗಿ ಕೂತ.

"ಎಲ್ಲವನ್ನೂ ಬಿಟ್ಟರೆ?" ಎಂದು ಕೇಳಿದರು ಸಾವಂತ್ರಮ್ಮ.

"ಅಲ್ಲಿ ಗಂಟು ಕಟ್ಟುತ್ತೆ. ಬುಡ ಊದಿಕೊಳ್ಳುತ್ತೆ. ಯಾವುದೂ ಕೊಂಬೆ ಆಗಲ್ಲ."

"ಮತ್ತೆ?"

"ಒಂದನ್ನ ಉಳಿಸಿ ಮಿಕ್ಕಿದ್ದನ್ನ ತೆಗೀಬೇಕು. ನೀವೇ ತೆಗೀರಿ ಅಮ್ಮಾ. ನಾನು ಆಣೆ ಮಾಡಿದ್ದೀನಿ."

"ಮರ ಗಂಟು ಕಟ್ಟಲಿ, ನಿನ್ನ ಆಣೆ ಚೊಕ್ಕವಾಗಿರಲಿ. ಅಷ್ಟೇನಾ?"

ಅವನು ಎದ್ದು ನಿಂತ.

"ನನ್ನ ಮರ ಅಲ್ಲ ಅಮ್ಮಾ. ಯಾವುದನ್ನ ಉಳಿಸಬೇಕು ಅಂತ ಹೇಳೋಕೆ ನಾನು ಯಾರು?"

"ನನ್ನ ಮರವೂ ಅಲ್ಲ," ಎಂದರು ಸಾವಂತ್ರಮ್ಮ. "ಯಾರದೋ ಅವರನ್ನ ಹೋಗಿ ಕೇಳು."

ಅವನು ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಅಂಗಡಿ ಮುಚ್ಚಿ ಟೀಚರ ಮನೆಯ ಗೇಟಿನ ಮುಂದೆ ನಿಂತ. ಟೀಚರ್ ವರಾಂಡದಲ್ಲಿ ಕೂತಿದ್ದರು. ಒಳಗೆ ಬಾ ಎನ್ನಲಿಲ್ಲ.

ಗೇಟಿನ ಹೊರಗಿನಿಂದಲೇ ಹೇಳಿದ.

"ಟೀಚರ್, ನಿಮ್ಮ ಹುಣಸೆ ಚಿಗುರಿದೆ. ಹನ್ನೊಂದು ಚಿಗುರು. ಒಂದನ್ನ ಉಳಿಸಬೇಕು. ಯಾವುದು ಅಂತ ಕೇಳೋಕೆ ಬಂದೆ."

ಟೀಚರ್ ಅವನನ್ನೇ ನೋಡಿದರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಮರುದಿನ ಬಿಸಿಲೇರುವ ಮುಂಚೆ ಬೇಲಿಯ ಹತ್ತಿರ ಆಟೋ ನಿಂತಿತು.

ಸಾವಂತ್ರಮ್ಮ ಕುರ್ಚಿ ತಂದು ಹಾಕಿದರು. ಟೀಚರ್ ಕೂತು ಕನ್ನಡಕ ಸರಿಮಾಡಿಕೊಂಡು ಗಾಯದ ಹತ್ತಿರ ಬಗ್ಗಿದರು. ಚಿಗುರುಗಳನ್ನು ಎಣಿಸಿದರು. ಹನ್ನೊಂದೇ ಇದ್ದವು.

"ನಿನಗೆ ಯಾವುದು ಸರಿ ಅನ್ನಿಸುತ್ತೆ?"

"ಆಕಾರಕ್ಕೆ ಈ ಮೇಲಿನದು ಚೆಂದ," ಎಂದ ದಾದಾಪೀರ್. "ಆದರೆ ನೀವು ಹೇಳಿದ್ದು."

ಟೀಚರ್ ಯೋಚಿಸಿದರು. ಬದಿಯಲ್ಲಿದ್ದ ಒಂದನ್ನು ಬೆರಳಿನಿಂದ ಮುಟ್ಟಿದರು. "ಇದು."

ಅದು ಅವನು ತೋರಿಸಿದ್ದಲ್ಲ. ಏಕೆಂದು ಅವನು ಕೇಳಲಿಲ್ಲ. "ಆಗಲಿ ಟೀಚರ್," ಎಂದ.

"ಮಿಕ್ಕಿದ್ದನ್ನ ನೀನೇ ತೆಗಿ. ನನಗೆ ಇಷ್ಟು ಸಣ್ಣದು ಸರಿಯಾಗಿ ಕಾಣಿಸಲ್ಲ."

"ನಾನಾ?"

"ಮತ್ತೆ ಯಾರು? ಕುಂಡ ನಾನು ಹಿಡ್ಕೋತೀನಿ."

ಸಾವಂತ್ರಮ್ಮ ಒಳಗಿನಿಂದ ಬಟ್ಟೆಯ ಗಂಟು ತಂದು ಬಿಚ್ಚಿದರು. ದಾದಾಪೀರ್ ಸಣ್ಣ ಕತ್ತರಿಯನ್ನು ಎತ್ತಿಕೊಂಡ. ಟೀಚರ್ ಎರಡೂ ಕೈಯಿಂದ ಕುಂಡ ಹಿಡಿದರು.

ಮೊದಲ ಚಿಗುರಿನ ಹತ್ತಿರ ಹೋಗಿ ಅವನ ಕೈ ನಿಂತಿತು. ಮತ್ತೆ ಹೋಯಿತು. ಹಿಂದಕ್ಕೆ ಬಂತು. ಟೀಚರ್ ಅವಸರ ಮಾಡಲಿಲ್ಲ.

ಹತ್ತು ಚಿಗುರು ತೆಗೆಯುವಷ್ಟರಲ್ಲಿ ಬಿಸಿಲು ಕಟ್ಟೆಯ ಅರ್ಧದವರೆಗೆ ಬಂದಿತ್ತು. ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಟೀಚರ್ ಉಳಿದ ಒಂದು ಚಿಗುರನ್ನು ಮೇಲಿಂದ, ಬದಿಯಿಂದ ನೋಡಿದರು. "ಕುಂಡ ಆಟೋದಲ್ಲಿಡು," ಎಂದರು. "ಮನೆಗೆ ತಗೊಂಡು ಹೋಗ್ತೀನಿ."

ಅವನು ಕುಂಡವನ್ನು ಅವರ ತೊಡೆಯ ಮೇಲಿಟ್ಟ. ಆಟೋ ಹೊರಟಿತು. ಅವರು ತಿರುಗಿ ನೋಡಲಿಲ್ಲ. ಆದರೆ ತಿರುವಿನಲ್ಲಿ ಆಟೋ ನಿಧಾನವಾದಾಗ ಕುಂಡಕ್ಕೆ ಅಡ್ಡಲಾಗಿ ಕೈ ಹಿಡಿದದ್ದು ಕಂಡಿತು.

ದಾದಾಪೀರ್ ತೋಟಕ್ಕೆ ವಾಪಸ್ ಬಂದು ಕಟ್ಟೆಯ ಮೇಲೆ ಕೂತ. ತನ್ನ ಬಲಗೈಯನ್ನು ನೋಡಿಕೊಂಡ.

"ಅಮ್ಮಾ, ನನ್ನ ಕೈ ನಡುಗಿತು. ಏಳು ವರ್ಷದಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. ಇನ್ನೂ ನಡುಗ್ತಾ ಇದೆ."

ಸಾವಂತ್ರಮ್ಮ ಕತ್ತರಿಯನ್ನು ಒರೆಸುತ್ತಿದ್ದರು.

"ಇದು ಯಾವಾಗ ನಿಲ್ಲುತ್ತೆ?" ಎಂದು ಕೇಳಿದ.

ಅವರು ಅತ್ತಿಗಿಡದ ಮುಂದೆ ಹೋಗಿ ಕೂತರು. ಸವರಬೇಕಾದ ರೆಂಬೆಯೊಂದಿತ್ತು. ಕತ್ತರಿಯನ್ನು ಅದರ ಹತ್ತಿರ ತಂದು, ಅವನಿಗೆ ಕಾಣುವ ಹಾಗೆ ಹಿಡಿದರು. ಕತ್ತರಿಯ ತುದಿ ಸಣ್ಣಗೆ ಅದುರುತ್ತಿತ್ತು.

"ನಲವತ್ತು ವರ್ಷ ಆಯ್ತು," ಎಂದರು. "ನಂದಿನ್ನೂ ನಿಂತಿಲ್ಲ."