ಅಂಬಿಗಿತ್ತಿಯ ಗುಂಡುಕಲ್ಲು

“ಅಮ್ಮ, ಮಗು ಬಂದ ಮೇಲೂ ನಾನು ಈಗ ಇರುವ ಹಾಗೆಯೇ ಇರಬೇಕು. ಅದಕ್ಕೆ ಏನು ಸಿದ್ಧತೆ ಮಾಡಿಕೊಳ್ಳಲಿ?”

ಕೇಳಿದವಳು ಸಾವಂತ್ರಿ. ಅವಳು ಬಸುರಿ, ಅದೂ ಚೊಚ್ಚಲು. ಮರುದಿನ ಹೆರಿಗೆಗೆಂದು ಊರಿಗೆ ಹೊರಡುವವಳಿದ್ದಳು. ಗುರುಗಳ ಬಳಿ ಪಾಠಕ್ಕೆ ಸೇರಿದಾಗಿನಿಂದ ಒಂದು ಬೆಳಗನ್ನೂ ಅವಳು ತಪ್ಪಿಸಿರಲಿಲ್ಲ. ಗುರುಗಳು ವಯಸ್ಸಾದ ಹೆಂಗಸು. ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು.

“ನೀನೇನು ಯೋಚಿಸಿದ್ದೀಯೆ?” ಎಂದು ಅಮ್ಮ ಕೇಳಿದರು.

“ಮಗು ಏಳುವ ಮೊದಲೇ ಎದ್ದು ಪಾಠ ಮುಗಿಸುತ್ತೇನೆ. ಅದು ಮಲಗಿದಾಗ ಓದುತ್ತೇನೆ. ಹಾಲು ಕುಡಿಸುವ ಹೊತ್ತಿಗೆ ಕಲಿತದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಈಗಲೇ ರೂಢಿ ಮಾಡಿಕೊಂಡರೆ ಆಗ ಕಷ್ಟವಾಗುವುದಿಲ್ಲ ಅಲ್ಲವೇ?”

ಹಿಂದೆ ಕುಳಿತಿದ್ದ ಹೆಂಗಸರಲ್ಲಿ ಮಕ್ಕಳ ತಾಯಿಯೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾವಂತ್ರಿಗೆ ಮುಖ ಬಿಸಿಯಾಯಿತು. ಅಮ್ಮ ನಗಲಿಲ್ಲ. ಕಾಲು ಚಾಚಿಕೊಂಡು, ಮಂಡಿ ನೀವಿಕೊಳ್ಳುತ್ತ ಕತೆ ಹೇಳಿದರು.

ಈ ಒಣ ಸೀಮೆಯವರಾದ ನಿಮಗೆ ಹರಿಗೋಲು ಗೊತ್ತಿರಲಾರದು. ನಾನು ಹುಟ್ಟಿದ ಕಡೆ ಹೊಳೆ ದಾಟಲು ಅದೇ ಗತಿ. ಬಿದಿರು ಹೆಣೆದು, ಹೊರಗೆ ಚರ್ಮ ಬಿಗಿದು ಮಾಡಿದ ದುಂಡನೆಯ ದೋಣಿ ಅದು. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟು ಹಾಕುವವರು ಕೈ ಬಿಟ್ಟರೆ ಬುಗುರಿಯ ಹಾಗೆ ಸುತ್ತುತ್ತ ಹೊಳೆ ಕರೆದ ಕಡೆ ಹೋಗುತ್ತದೆ.

ಅಲ್ಲಿ ಒಬ್ಬ ಅಂಬಿಗಿತ್ತಿ ಇದ್ದಳು. ಗಂಡ ಕುರಿಹಿಂಡಿನ ಜೊತೆ ಊರೂರು ತಿರುಗುವವನು. ಮನೆಯಲ್ಲಿ ಅತ್ತೆ ಮತ್ತು ಅವಳು. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವುದು ಅವಳ ಕಸುಬು. ಆಚೆ ದಡದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ದೋಣಿಯನ್ನು ಮೇಲುಗಡೆಯಿಂದ ನೀರಿಗಿಳಿಸಿ, ಸೆಳವಿನ ಜೊತೆ ಸರಿಯುತ್ತ ಸರಿಯುತ್ತ, ಸರಿಯಾಗಿ ಆ ಚಪ್ಪಡಿಗೇ ತಂದು ತಾಗಿಸುತ್ತಿದ್ದಳು. ಅವಳ ದೋಣಿಯಿಂದ ಇಳಿದವರ ಪಾದ ಕೆಸರು ಕಂಡಿರಲಿಲ್ಲ. ಅದು ಅವಳ ಹೆಮ್ಮೆ.

ಆ ಕಸುಬಿಗೆ ಒಂದು ಕಟ್ಟಳೆ ಇತ್ತು. ಕೂತವರು ಯಾರೂ ಹುಟ್ಟನ್ನು ಮುಟ್ಟಬಾರದು. ನಡುನೀರಿನಲ್ಲಿ ಹುಟ್ಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ಕಸುಬೂ ಅವರಿಗೇ ಹೋದಂತೆ. ಅವಳ ಅಪ್ಪ ಮುದುಕನಾದಾಗ ಅವಳಿಗೆ ಕಸುಬು ಕೊಟ್ಟದ್ದೂ ಹಾಗೆಯೇ. ನಡುನೀರಿನಲ್ಲಿ ಒಂದು ಮಾತೂ ಆಡದೆ ಹುಟ್ಟನ್ನು ಮಗಳ ಕಡೆ ಚಾಚಿದ್ದ. ಅಂದಿನಿಂದ ಅದನ್ನು ಬೇರೆ ಯಾರ ಕೈಯೂ ಮುಟ್ಟಿರಲಿಲ್ಲ.

ಅಂಬಿಗಿತ್ತಿ ಬಸುರಿಯಾದಳು. ಹೊಟ್ಟೆ ಕಾಣತೊಡಗಿದಾಗ ಊರ ಹಿರಿಯ ಬಂದು ಜಗಲಿಯ ಮೇಲೆ ಕೂತ. ಕೆಟ್ಟವನಲ್ಲ. ಸಂತೆಗೆ ಹೋಗುವವರು, ಬೇನೆ ಬಿದ್ದವರು, ಎಲ್ಲರೂ ಹೊಳೆ ದಾಟಲೇಬೇಕು. ಅವರ ಚಿಂತೆ ಅವನಿಗಿತ್ತು.

“ನಿನ್ನ ಚಿಕ್ಕಪ್ಪನ ಮಗನಿಗೆ ಹುಟ್ಟು ಕೊಟ್ಟುಬಿಡವ್ವ. ಹಸುಗೂಸಿನ ತಾಯಿ ಹೊಳೆ ಮೇಲೆ ಇರೋದು ಹೆಂಗೆ?”

“ಹೆಂಗೆ ಅಂದ್ರೆ ಈಗ ಇದ್ದಂಗೆ, ಮಾವ. ದೋಣಿಯಲ್ಲಿ ಒಂದು ಬುಟ್ಟಿ ಹೆಚ್ಚಾಗುತ್ತೆ, ಅಷ್ಟೇ ತಾನೆ?”

ಹಿರಿಯ ತಲೆ ಕೆರೆದುಕೊಂಡ. “ಸರಿ. ಬಾಣಂತನ ಮುಗಿಸಿ ಮೊದಲ ಸಲ ದೋಣಿ ಇಳಿಸೋ ದಿನ ನಾನೂ ಬಂದು ಕೂರ್ತೀನಿ. ಮಗು ಜೊತೆಗಿಟ್ಟುಕೊಂಡು ಚಪ್ಪಡಿಗೆ ತಾಗಿಸಿದರೆ ಹುಟ್ಟು ನಿನ್ನದೇ. ತಪ್ಪಿದರೆ ಬಿಟ್ಟುಕೊಡಬೇಕು.”

ಅವಳು ಒಪ್ಪಿದಳು. ಅಂದೇ ಸಿದ್ಧತೆಗೆ ತೊಡಗಿದಳು.

ನಮ್ಮಲ್ಲಿ ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲವಲ್ಲ. ರುಬ್ಬುವ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ನೀರೆರೆದು, ಕಾಡಿಗೆಯಿಂದ ಕಣ್ಣು ಬರೆದು, ಕುಲಾವಿ ತೊಡಿಸಿ, ಅದನ್ನು ಮಲಗಿಸಿ ತೂಗುತ್ತೇವೆ. ಆಮೇಲೆ ಮಗು. ಅಂಬಿಗಿತ್ತಿಗೆ ಅದು ನೆನಪಾಯಿತು. ತೊಟ್ಟಿಲಿಗೇ ಕಲ್ಲು ಮೊದಲು ಬರುವುದಾದರೆ ದೋಣಿಗೂ ಬರಲಿ ಎಂದುಕೊಂಡಳು. ಒರಳಿನಿಂದ ಗುಂಡುಕಲ್ಲು ಎತ್ತಿ, ಹಳೆಯ ಸೀರೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ದೋಣಿಗೆ ತಂದಳು.

ಅತ್ತೆ ಹಿಟ್ಟಿನ ಕೈಯಲ್ಲೇ ದಡಕ್ಕೆ ಓಡಿ ಬಂದಳು.

“ಒರಳು ಖಾಲಿ ಬಿದ್ದಿದೆ, ಚಟ್ನಿ ಏನು ನಿನ್ನ ತಲೆಯಿಂದ ಅರೆಯಲಾ? ಕಲ್ಲಿಗೆ ಸೀರೆ ಸುತ್ತಿದೀಯ. ಹಾಲೂ ಕುಡಿಸ್ತೀಯಾ?”

“ಸಂಜೆಗೆ ತಂದುಕೊಡ್ತೀನಿ ಅತ್ತೆ. ನಾನು ಅಭ್ಯಾಸ ಮಾಡ್ತಾ ಇದೀನಿ.”

“ಅಭ್ಯಾಸ ಯಾಕೆ? ಮಗು ಹುಟ್ಟಿದ ಮೇಲೆ ನಾನೇ ಬಂದು ದೋಣಿಯಲ್ಲಿ ಕೂರ್ತೀನಿ. ಮಗು ನಾನು ಹಿಡೀತೀನಿ, ಹುಟ್ಟು ನೀನು ಹಿಡಿ.”

“ಬೇಡ ಅತ್ತೆ. ನಾನು ನೋಡಿಕೊಳ್ತೀನಿ.”

ಮೊದಮೊದಲು ಕಷ್ಟವಾಯಿತು. ಬುಟ್ಟಿಯನ್ನು ಬಲಕ್ಕಿಟ್ಟರೆ ದೋಣಿ ಬಲಕ್ಕೆ ವಾಲುತ್ತಿತ್ತು. ಬೆನ್ನ ಹಿಂದೆ ಇಟ್ಟರೆ ಎದುರಿನ ಅಂಚು ಎದ್ದು ನಿಲ್ಲುತ್ತಿತ್ತು. ಕಡೆಗೆ ತನ್ನ ಎರಡು ಪಾದಗಳ ನಡುವೆ ಇಟ್ಟುಕೊಂಡಳು. ಮಂಡಿ ಎಷ್ಟು ಮಡಿಸಬೇಕು, ಎಷ್ಟು ಬಾಗಬೇಕು, ಎಲ್ಲವನ್ನೂ ತಿದ್ದಿಕೊಂಡಳು. ಹೊಟ್ಟೆ ಬೆಳೆದಂತೆ ಹುಟ್ಟು ಎಳೆಯುವ ರೀತಿಯನ್ನೂ ಬದಲಿಸಿಕೊಂಡಳು. ಕಲ್ಲಿನ ಜೊತೆಗೂ ದೋಣಿ ಚಪ್ಪಡಿಗೆ ತಾಗತೊಡಗಿತು. ಗಾಳಿ ಎದ್ದ ದಿನವೂ ತಾಗಿತು.

ದಿನವೂ ದಾಟುತ್ತಿದ್ದವರಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಮಕ್ಕಳು ಮೊಮ್ಮಕ್ಕಳನ್ನು ಕಂಡವಳು. ಅವಳು ಬುಟ್ಟಿಯೊಳಗೆ ಇಣುಕಿ ನೋಡಿ, “ನಿನ್ನ ಕೂಸು ಬಲು ಸಾಧು ಕಣವ್ವ. ಅಳೋದಿಲ್ಲ, ಒದೆಯೋದಿಲ್ಲ, ಉಚ್ಚೆ ಹೊಯ್ಯೋದಿಲ್ಲ. ನನ್ನವು ಒಂದೂ ಹಿಂಗಿರಲಿಲ್ಲ” ಎಂದಳು.

ದೋಣಿಯವರೆಲ್ಲ ನಕ್ಕರು. ಅಂಬಿಗಿತ್ತಿಯೂ ನಕ್ಕಳು. ಆದರೆ ಮನಸ್ಸಿನಲ್ಲಿ, ಇವರಿಗೆ ತಿಳಿಯುವುದಿಲ್ಲ ಎಂದುಕೊಂಡಳು. ಕಸುಬನ್ನು ಬಿಟ್ಟುಕೊಟ್ಟು ಒಲೆಯ ಮುಂದೆ ಕೂತ ಎಷ್ಟೋ ಹೆಂಗಸರನ್ನು ಅವಳು ನೋಡಿದ್ದಳು. ತಾನು ಹಾಗಾಗುವುದಿಲ್ಲ ಎಂಬ ಹಟ ಅವಳದು. ಆ ಹಟದ ಕೆಳಗೆ ಹೆದರಿಕೆಯೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಹೊಳೆ ತುಂಬಿ ಹರಿಯುವ ಕಾಲದಲ್ಲಿ ಹೆರಿಗೆಯಾಯಿತು. ಆಗ ದೋಣಿ ಹೇಗೂ ದಡದ ಮೇಲೆ ಬೋರಲು ಬಿದ್ದಿರುತ್ತದೆ. ಹೆಣ್ಣು ಮಗು. ನಾಮಕರಣದಲ್ಲಿ ಅತ್ತೆ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತ, “ಇದಕ್ಕೆ ಹೊಳೆ ಮೇಲೆ ತೂಗಿ ಅಭ್ಯಾಸ ಆಗಿದೆ, ತೊಟ್ಟಿಲು ಹಿಡಿಸುತ್ತೋ ಇಲ್ಲವೋ” ಎಂದಳು. ಬಂದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ನೀರು ಇಳಿಯಿತು. ಅಂಬಿಗಿತ್ತಿ ದೋಣಿ ಇಳಿಸಿದಳು. ಹಿರಿಯ ಬಂದು ಕೂತ. ಬಳೆಗಾರ್ತಿ ಬಂದಳು, ಇನ್ನೂ ಕೆಲವರು ಬಂದರು. ಅತ್ತೆ ದಡದಲ್ಲಿ ನಿಂತು, “ನಾನೂ ಬರಲಾ?” ಎಂದಳು. “ಬೇಡ ಅತ್ತೆ” ಎಂದು ಇವಳು ದೋಣಿ ನೂಕಿದಳು. ಮಗು ಬುಟ್ಟಿಯಲ್ಲಿ, ಬುಟ್ಟಿ ಪಾದಗಳ ನಡುವೆ. ಎಲ್ಲವೂ ಅಭ್ಯಾಸ ಮಾಡಿದ ಹಾಗೆಯೇ ಇತ್ತು. ಚಪ್ಪಡಿ ದೂರದಲ್ಲಿ ಕಾಣುತ್ತಿತ್ತು.

ನಡುನೀರಿಗೆ ಬಂದಾಗ ಮಗು ಎಚ್ಚರವಾಯಿತು. ಮೊದಲು ಕುಂಯ್ ಅಂದಿತು, ಆಮೇಲೆ ಕೂಗಿತು. ಅಂಬಿಗಿತ್ತಿ ಹುಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಚಪ್ಪಡಿಯ ಮೇಲೆ ಕಣ್ಣು ನೆಟ್ಟು ಎಳೆದಳು. ಮಗು ಕಾಲು ಝಾಡಿಸಿತು, ಬುಟ್ಟಿ ವಾಲಿತು. ಅವಳು ಪಾದದಿಂದ ಅದನ್ನು ಒತ್ತಿ ಹಿಡಿದಳು. ಕೂಗು ಏರಿತು. ಆಗ ಅವಳ ಎದೆಯಿಂದ ಹಾಲು ತಾನಾಗಿಯೇ ಒಸರಿ ರವಿಕೆ ತೊಯ್ದಿತು. ತೋಳು ಚಪ್ಪಡಿಯ ಕಡೆಗೆ ಎಳೆಯುತ್ತಿತ್ತು, ಉಳಿದ ಮೈಯೆಲ್ಲ ಬುಟ್ಟಿಯ ಕಡೆಗೆ ಬಾಗುತ್ತಿತ್ತು. ಕಲ್ಲಿನ ಜೊತೆ ಅಭ್ಯಾಸ ಮಾಡಿದ ಮೈ ಬೇರೆ, ಈ ಮೈ ಬೇರೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ.

ಒಂದು ಎಳೆತ ತಪ್ಪಿತು. ದೋಣಿ ಸುತ್ತಿತು. ಕೆಳಗಡೆ ಬಂಡೆಗಳ ಸಾಲಿತ್ತು. ಹೆಂಗಸರು ಕಿರುಚಿದರು.

“ಹುಟ್ಟು ಎಳಿ, ಹುಟ್ಟು ಎಳಿ!” ಎಂದು ಹಿರಿಯ ಕೂಗಿದ.

ಅವಳು ಎಳೆಯಲಿಲ್ಲ. ಹುಟ್ಟನ್ನು ನೋಡಿದಳು. ಅದು ಅಪ್ಪ ಕೊಟ್ಟದ್ದು. ಕೈ ದಾಟಿದರೆ ಹೋಯಿತು ಎಂದು ಗೊತ್ತಿತ್ತು. ಮಗು ಉಸಿರುಗಟ್ಟಿ ಅಳುತ್ತಿತ್ತು. ಎದುರಿಗೆ ಕೂತಿದ್ದವನು ಹಿರಿಯನೇ. ಅವಳು ಹುಟ್ಟನ್ನು ಅವನ ಕಡೆಗೆ ಚಾಚಿದಳು.

“ಹಿಡೀರಿ ಮಾವ.”

“ನಾನಾ? ನನಗೆ ಬರೋದಿಲ್ಲ!”

“ನಾನು ಹೇಳ್ತೀನಿ, ನೀವು ಹಿಡೀರಿ.”

ಬಂಡೆ ಹತ್ತಿರವಾಗುತ್ತಿತ್ತು. ಹಿರಿಯ ಹಿಡಿದ. ಅವಳು ಮಗುವನ್ನೆತ್ತಿ ಎದೆಗೆ ಹಚ್ಚಿಕೊಂಡಳು. ಸೆರಗಿನ ಒಳಗೆ ಅಳು ನಿಂತಿತು. ಆಮೇಲೆ ಅವಳು ತಲೆಯೆತ್ತಿ, “ನೀರಿಗೆ ಹೊಡೀಬೇಡಿ, ನಿಮ್ಮ ಕಡೆಗೆ ಎಳೆದುಕೊಳ್ಳಿ. ಇನ್ನೂ ಆಳಕ್ಕೆ ಹಾಕಿ. ಹಂಗೆ. ಈಗ ಎಡಕ್ಕೆ. ಎಡ ಅಂದ್ರೆ ಊಟ ಮಾಡದ ಕೈ, ಮಾವ” ಎಂದು ಒಂದೊಂದಾಗಿ ಹೇಳತೊಡಗಿದಳು. ಬಳೆಗಾರ್ತಿ ಬಳೆ ಪೋಣಿಸಿದ ತನ್ನ ಮಲಾರವನ್ನು ಪಕ್ಕಕ್ಕಿಟ್ಟು, ದೋಣಿಯ ಅಂಚಿಗೆ ಬಾಗಿ ಕೈಯಿಂದಲೇ ನೀರು ತಳ್ಳಿದಳು. ಉಳಿದವರೂ ತಳ್ಳಿದರು. ಬಂಡೆಯ ಮಗ್ಗುಲಲ್ಲೇ ದೋಣಿ ಜಾರಿ, ಚಪ್ಪಡಿಯಿಂದ ಎಷ್ಟೋ ಕೆಳಗೆ ಹೋಗಿ ಹೂಳಿನಲ್ಲಿ ಹೂತು ನಿಂತಿತು.

ಎಲ್ಲರೂ ಮೊಣಕಾಲವರೆಗೆ ಕೆಸರಿನಲ್ಲಿ ಇಳಿದರು. ಹಿರಿಯನೂ ಇಳಿದ. ಪಂಚೆ ತೊಯ್ದಿತ್ತು, ಅಂಗೈ ಕೆಂಪಾಗಿತ್ತು, ಹುಟ್ಟು ಅವನ ಕೈಯಲ್ಲೇ ಇತ್ತು. ಅಂಬಿಗಿತ್ತಿ ದೋಣಿಯಲ್ಲೇ ಕೂತಿದ್ದಳು. ಮಗು ನಿದ್ದೆ ಹೋಗಿತ್ತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

“ಚಪ್ಪಡಿ ತಪ್ಪಿತು, ಮಾವ” ಎಂದಳು.

ಬಳೆಗಾರ್ತಿ ಸೀರೆ ಹಿಂಡಿಕೊಳ್ಳುತ್ತ ಹಿರಿಯನ ಕಡೆಗೆ ತಿರುಗಿದಳು.

“ತಪ್ಪಿಸಿದ್ದು ಯಾರು ಗೌಡ್ರೆ? ಹುಟ್ಟು ನಿಮ್ಮ ಕೈಯಾಗೇ ಇತ್ತಲ್ಲ. ಇರಲಿ ಬಿಡಿ, ಕಟ್ಟಳೆ ಪ್ರಕಾರ ಈಗ ಕಸುಬೂ ನಿಮ್ಮದೇ. ನಾಳೆ ಕೋಳಿ ಕೂಗೋ ಹೊತ್ತಿಗೆ ನನ್ನನ್ನ ಸಂತೆಗೆ ದಾಟಿಸೋಕೆ ಬರ್ತೀರಲ್ಲ?”

ಹಿರಿಯ ಹೊಳೆಯನ್ನು ನೋಡಿದ. ಬಂಡೆಗಳನ್ನು ನೋಡಿದ. ತನ್ನ ಅಂಗೈ ನೋಡಿಕೊಂಡ. ಕೆಸರಿನಲ್ಲಿ ಪಚಪಚ ಎಂದು ಹೆಜ್ಜೆ ಹಾಕುತ್ತ ಹಿಂದಕ್ಕೆ ಬಂದು, ದೋಣಿ ಹತ್ತಿ, ಅವಳ ಎದುರಿಗೆ ಮೊದಲಿನ ಜಾಗದಲ್ಲಿಯೇ ಕೂತ.

“ನೂಕ್ರಯ್ಯ ಇದನ್ನ ನೀರಿಗೆ” ಎಂದ. “ನಡುನೀರಿಗೆ ಹೋಗೋಣ. ಅಲ್ಲಿ ತೆಗೆದುಕೊಂಡಿದ್ದನ್ನ ಅಲ್ಲೇ ವಾಪಸ್ ಕೊಡಬೇಕು.”

ಹಾಗೆ ಹುಟ್ಟು ಅವಳ ಕೈಗೆ ಮರಳಿತು. ಮರುದಿನದಿಂದ ಅತ್ತೆ ದೋಣಿಯಲ್ಲಿ ಬಂದು ಕೂತಳು. ಒಂದು ದಿನ ಅತ್ತೆ ಮಗುವನ್ನು ಹಿಡಿದರೆ, ಇನ್ನೊಂದು ದಿನ ಬಳೆಗಾರ್ತಿ ಹುಟ್ಟು ಹಿಡಿದಳು. ಸಂತೆಗೆ ಹೋಗುವ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎಳೆಯುವುದನ್ನು ಕಲಿತರು. ಆ ವರ್ಷ ಹುಟ್ಟು ನಡುನೀರಿನಲ್ಲಿ ಎಷ್ಟು ಕೈ ಸುತ್ತಿತೆಂದರೆ, ಕಸುಬು ಈಗ ಯಾರದು ಎಂದು ಕೇಳುವುದನ್ನೇ ಊರವರು ಬಿಟ್ಟರು. ಕಟ್ಟಳೆ ಹಾಗೆಯೇ ಸವೆದು ಹೋಯಿತು.

ಅಮ್ಮ ಕತೆ ನಿಲ್ಲಿಸಿದರು. ಸಾವಂತ್ರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

“ಹಾಗಾದರೆ ಅವಳು ಮಾಡಿದ ಅಭ್ಯಾಸವೆಲ್ಲ ವ್ಯರ್ಥವೇ ಅಮ್ಮ?”

“ವ್ಯರ್ಥ ಯಾಕೆ? ತೋಳಿಗೆ ಬಲ ಬಂದಿತ್ತು.”

“ಚಪ್ಪಡಿ?”

“ಕೆಲವು ದಿನ ತಾಗಿತು, ಕೆಲವು ದಿನ ಇಲ್ಲ. ತಾಗದ ದಿನ ಅವಳು ಅದನ್ನು ತಿರುಗಿ ತಿರುಗಿ ನೋಡುತ್ತ ಹೋಗುತ್ತಿದ್ದಳು. ಬೇಸರವಾಗಲಿಲ್ಲ ಎಂದು ನಾನು ಹೇಳುವುದಿಲ್ಲ. ಆಗುತ್ತಿತ್ತು.”

ಸಾವಂತ್ರಿಗೆ ಇಷ್ಟು ದಿನ ಎಲ್ಲರೂ, ಎಲ್ಲ ಸರಿಹೋಗುತ್ತದೆ ಎಂದೇ ಹೇಳಿದ್ದರು. ಬೇಸರವಾಗುತ್ತದೆ ಎಂದು ಹೇಳಿದವರು ಇವರೊಬ್ಬರೇ. ಅವಳಿಗೆ ಅದು ಹೇಗೋ ಸಮಾಧಾನವೆನಿಸಿತು.

“ನಾನು ಏನನ್ನು ಅಭ್ಯಾಸ ಮಾಡಲಿ ಅಮ್ಮ, ಅದನ್ನು ಹೇಳಿ. ನಾಳೆ ಹೊರಡುತ್ತೇನೆ.”

ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟರು.

“ಮಗು ಅತ್ತು, ನಿನ್ನ ಕೈ ಸೋತಾಗ, ನೀನು ಕೂಗಿ ಕರೆಯುವ ಹೆಸರು ಯಾರದು ಮಗಳೇ?”

ಸಾವಂತ್ರಿಯ ತುಟಿ ಅಲುಗಿತು. ಹೆಸರು ಬರಲಿಲ್ಲ.