ಅಂಬಿಗಿತ್ತಿಯ ಹಕ್ಕು

"ಉಸ್ತಾದರೇ, ಪಡೆಯುವುದಕ್ಕೂ ಸಲ್ಲಿಸುವುದಕ್ಕೂ ಒಂದೇ ಪದ ಹೇಗೆ ಆದೀತು?" ಎಂದು ಶಿಷ್ಯ ಲತೀಫ ಕೇಳಿದ.

ಅಂದಿನ ಪಾಠ 'ಹಕ್ಕ್' ಎಂಬ ಅರಬ್ಬಿ ನಾಮಪದದ ಮೇಲೆ ನಡೆದಿತ್ತು. ನಾವು ಕನ್ನಡದಲ್ಲಿ ಹಕ್ಕು ಎನ್ನುವುದು ಇದನ್ನೇ ಎಂದು ಮೀರಾನ್ ಉಸ್ತಾದರು ಹೇಳಿದ್ದರು. ಅರಬ್ಬಿಯ ಒಡಹುಟ್ಟಿದ ನುಡಿಯಾದ ಇಬ್ರಾನಿಯಲ್ಲಿ, ಎಂದರೆ ಹೀಬ್ರೂವಿನಲ್ಲಿ, ಇದೇ ಬೇರಿಗೆ ಕೆತ್ತು ಎಂಬ ಹಳೆಯ ಅರ್ಥವಿದೆ. ಕೆತ್ತಿದ್ದು ಅಳಿಸುವುದಿಲ್ಲ, ಆದ್ದರಿಂದ ಸ್ಥಿರವಾದದ್ದು ಹಕ್ಕ್, ಸತ್ಯವಾದದ್ದು ಹಕ್ಕ್. ದೇವರ ಹೆಸರುಗಳಲ್ಲಿಯೂ ಅದು ಒಂದು. 'ಅವನಿಗೆ ಹಕ್ಕ್' ಎಂದರೆ ಅವನಿಗೆ ಸಲ್ಲಬೇಕಾದದ್ದು. 'ಅವನ ಮೇಲೆ ಹಕ್ಕ್' ಎಂದರೆ ಅವನು ಸಲ್ಲಿಸಬೇಕಾದದ್ದು.

"ಎರಡರಲ್ಲಿ ಒಂದು ಅರ್ಥ ಯಾರೋ ಆಮೇಲೆ ಅಂಟಿಸಿದ್ದಿರಬೇಕು. ಮೂಲ ಯಾವುದು?" ಎಂದು ಲತೀಫ ಪಟ್ಟು ಹಿಡಿದ.

ಉಸ್ತಾದರು ಪುಸ್ತಕ ಮುಚ್ಚಿ ಹೇಳತೊಡಗಿದರು.

ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಅಂಬಿಗನಿದ್ದ. ಹೊಳೆ ದಾಟುವ ಘಟ್ಟ ಅವನ ಮನೆತನದ್ದು. ಅವನು ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಅವನ ಹೆಂಡತಿ ಹುಟ್ಟು ಹಿಡಿದು ಹರಿಗೋಲಿನಲ್ಲಿ ನಿಂತಳು. ಮೊದಮೊದಲು ಜನ ಹತ್ತಲು ಅಳುಕಿದರು. ಆಮೇಲೆ ರೂಢಿಯಾಯಿತು.

ಮೈದುನನಿಗೆ ಅದನ್ನು ಸಹಿಸಲಾಗಲಿಲ್ಲ. ಅವನಲ್ಲಿಯೂ ಒಂದು ಹರಿಗೋಲಿತ್ತು. "ಹೆಂಗಸಿನ ತೋಳಿಗೆ ಹೊಳೆ ಬಗ್ಗುವುದಿಲ್ಲ. ಅಣ್ಣನ ಘಟ್ಟ ತಮ್ಮನಿಗೆ ಬರಬೇಕು" ಎಂದು ಕಾಜಿಯ ಮುಂದೆ ದೂರಿಟ್ಟ. ಕಾಜಿ ಊರವರನ್ನು ಕರೆಸಿದ. ಅಣ್ಣ ಹೋದ ಮೇಲೆ ಜನರನ್ನು ದಾಟಿಸಿದವರು ಯಾರು ಎಂದು ಕೇಳಿದ. ಊರವರು ಅವಳ ಕಡೆ ಕೈ ತೋರಿಸಿದರು. ಘಟ್ಟದ ಹಕ್ಕು ಇವಳದು, ಇವಳ ಅಪ್ಪಣೆಯಿಲ್ಲದೆ ಬೇರೆ ಯಾರೂ ಅಲ್ಲಿ ಹರಿಗೋಲು ಇಳಿಸಕೂಡದು ಎಂದು ಕಾಜಿ ತೀರ್ಪು ಕೊಟ್ಟ.

ಅವಳು ತಲೆಯೆತ್ತಿ ನಡೆದಳು. ಹೊಳೆಗೆ ಹತ್ತಿರದ ದಾರಿ ಬೇರೆಯಿದ್ದರೂ, ಹರಿಗೋಲನ್ನು ತಲೆಯ ಮೇಲೆ ಹೊತ್ತು ಮೈದುನನ ಬಾಗಿಲ ಮುಂದೆಯೇ ಹೋಗುತ್ತಿದ್ದಳು. "ಇಷ್ಟು ಸೊಕ್ಕು ಒಳ್ಳೆಯದಲ್ಲ" ಎಂದು ನೆರೆಯವರು ಆಡಿಕೊಂಡರು. ಆಡಿದ್ದು ಅವಳ ಕಿವಿಗೂ ಬಿತ್ತು. ಅವಳು ದಾರಿ ಬದಲಿಸಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಒಂದು ಸಂಸಾರ ಹೊಳೆಯ ನಡುವಿನ ಮರಳುದಿಬ್ಬದಲ್ಲಿ ಕಲ್ಲಂಗಡಿ ಹಾಕಿಕೊಂಡು ಗುಡಿಸಲಲ್ಲಿತ್ತು. ಗಂಡ, ಹೆಂಡತಿ, ಗಂಡನ ಮುದಿ ತಾಯಿ, ಒಂದು ಹಸುಗೂಸು. ಮೇಲುಸೀಮೆಯಲ್ಲಿ ಎಲ್ಲಿಯೋ ಅಕಾಲದ ಮಳೆ ಸುರಿಯಿತು. ಇಲ್ಲಿ ಬಿಸಿಲು ಕಾಯುತ್ತಿದ್ದಾಗಲೇ ಹೊಳೆ ಕೆಂಪಾಗಿ ಏರಿತು. ಊರೆಲ್ಲ ದಂಡೆಗೆ ಬಂದಿತು. ದಿಬ್ಬದ ಅಂಚು ಕುಸಿಯುತ್ತಿತ್ತು. ಬಳ್ಳಿಯ ಸಮೇತ ಕಾಯಿಗಳು ತೇಲಿಹೋಗುತ್ತಿದ್ದವು. ಆ ಹೆಂಡತಿ ಸೀರೆಯ ಸೆರಗನ್ನು ಬೀಸುತ್ತಿದ್ದಳು. ಅವಳ ಕೂಗು ದಂಡೆಗೆ ಮುಟ್ಟುತ್ತಿರಲಿಲ್ಲ.

ಜನ ಮೈದುನನ ಮುಖ ನೋಡಿದರು.

"ನನ್ನನ್ನೇಕೆ ನೋಡುತ್ತೀರಿ? ಹಕ್ಕು ಅತ್ತಿಗೆಯದಲ್ಲವೇ?" ಎಂದ ಅವನು.

ಅಂಬಿಗಿತ್ತಿ ನೀರನ್ನು ನೋಡುತ್ತ ನಿಂತಿದ್ದಳು. ಗಂಡನಿದ್ದಾಗಲೂ ಇಂಥ ನೀರಿಗೆ ಯಾರೂ ಇಳಿದದ್ದನ್ನು ಅವಳು ಕಂಡಿರಲಿಲ್ಲ. ಆದರೂ ಸೀರೆಯನ್ನು ಎತ್ತಿ ಬಿಗಿಯಾಗಿ ಕಚ್ಚೆ ಹಾಕಿದಳು.

ಊರ ಗೌಡ ಕರುಣೆಯುಳ್ಳವನು. ಹತ್ತಿರ ಬಂದು ಹೇಳಿದ: "ಬೇಡವ್ವ. ನೀರು ಇಳಿಯಲಿ. ಇವತ್ತು ಹೋಗಲಿಲ್ಲವೆಂದು ನಿನ್ನನ್ನು ಯಾರೂ ಕೇಳುವುದಿಲ್ಲ."

"ಗೌಡರೇ, ಇವತ್ತು ನನ್ನನ್ನು ಯಾರೂ ಕೇಳಬಾರದು ಎಂದರೆ, ನಾಳೆ ಇದು ನನ್ನ ಘಟ್ಟ ಎಂದು ಯಾವ ಬಾಯಿಂದ ಹೇಳಲಿ?" ಎಂದಳು ಅವಳು.

ಹರಿಗೋಲನ್ನು ತಲೆಗೇರಿಸಿ ದಂಡೆಯುದ್ದಕ್ಕೂ ಮೇಲಕ್ಕೆ ನಡೆದಳು. ಬಹಳ ದೂರ ಹೋಗಿ ನೀರಿಗಿಳಿದಳು. ಹೊಳೆ ಅವಳನ್ನು ಬುಗುರಿಯಂತೆ ತಿರುಗಿಸಿತು. ಅವಳು ಹೊಳೆಯೊಡನೆ ಸೆಣಸಲಿಲ್ಲ. ಅದು ಒಯ್ದತ್ತ ಹೋಗುತ್ತಲೇ ಒಂದೊಂದು ಮೊಳ ದಿಬ್ಬದತ್ತ ಕಸಿದುಕೊಂಡಳು. ದಿಬ್ಬದ ತುದಿ ತಪ್ಪಿಯೇ ಹೋಯಿತೆಂದು ದಂಡೆಯವರು ಕಣ್ಣು ಮುಚ್ಚಿದರು. ಅಷ್ಟರಲ್ಲಿ ದಿಬ್ಬದ ಮೇಲಿದ್ದ ಗಂಡಸು ಎದೆಮಟ್ಟದ ನೀರಿಗಿಳಿದು ಹರಿಗೋಲಿನ ಅಂಚು ಹಿಡಿದ.

ಅಂಥ ನೀರಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸುವಂತಿರಲಿಲ್ಲ. ಅವಳು ಬಾಣಂತಿಯನ್ನೂ ಕೂಸನ್ನೂ ಕೂರಿಸಿಕೊಂಡು, ಬಹಳ ಕೆಳಗೆ ಒಂದು ಜಾಲಿಮರದ ಬಳಿ ದಡ ಮುಟ್ಟಿದಳು. ಜನ ಓಡಿಬಂದರು. ಅವಳ ಅಂಗೈ ಸುಲಿದು ಹುಟ್ಟಿಗೆಲ್ಲ ರಕ್ತವಾಗಿತ್ತು. ಅವಳು ಹರಿಗೋಲನ್ನು ಮತ್ತೆ ತಲೆಗೇರಿಸಲು ಬಗ್ಗಿದಳು. ಏರಿಸಲಾಗಲಿಲ್ಲ.

ಆಗ ಮೈದುನ ಬಂದು ಇನ್ನೊಂದು ಬದಿ ಹಿಡಿದ. ಅವನ ಬಗಲಲ್ಲಿ ತನ್ನ ಹುಟ್ಟಿತ್ತು. ಎಲ್ಲರಿಗೂ ಕೇಳುವಂತೆ ಹೇಳಿದ: "ಅತ್ತಿಗೆ, ನಿನ್ನ ಅಪ್ಪಣೆಯಾದರೆ ನಾನೂ ಬರುತ್ತೇನೆ."

ಅವಳು ಅವನನ್ನು ಒಂದು ಗಳಿಗೆ ದಿಟ್ಟಿಸಿದಳು. "ಅಪ್ಪಣೆಯಿದೆ. ಹಿಂದೆ ಕೂರು, ನಾನು ಹೇಳಿದಾಗ ಮಾತ್ರ ಹುಟ್ಟು ಹಾಕು" ಎಂದಳು.

ಇಬ್ಬರೂ ಹೋದರು. ಮುದುಕಿಯನ್ನೂ ಅವಳ ಮಗನನ್ನೂ ಕರೆತಂದರು. ಅವರು ದಡಕ್ಕೆ ಬರುವಷ್ಟರಲ್ಲಿ ಹಿಂದೆ ದಿಬ್ಬವಿದ್ದ ಕಡೆ ಬರಿಯ ನೀರಿತ್ತು. ಮುದುಕಿ ಅಂಬಿಗಿತ್ತಿಯ ಕೈ ಹಿಡಿದು ಅತ್ತಳು. ಗೌಡ ತನ್ನ ರುಮಾಲನ್ನು ಹರಿದು ಅವಳ ಅಂಗೈಗೆ ಕಟ್ಟಿದ. ಅವಳು ಕೊರಳು ಬಾಗಿಸದೆ ನಿಂತು ಕಟ್ಟಿಸಿಕೊಂಡಳು. ಅಂದು ಅವಳಿಗೆ ಸೊಕ್ಕು ಎಂದವರು ಯಾರೂ ಇಲ್ಲ.

ಉಸ್ತಾದರು ಕತೆ ನಿಲ್ಲಿಸಿದರು. ಲತೀಫ ಅಷ್ಟಕ್ಕೆ ಬಿಡಲಿಲ್ಲ.

"ದೈವ ದೊಡ್ಡದು, ದಡ ಸೇರಿದಳು. ಹರಿಗೋಲು ಮಗುಚಿ ಮುಳುಗಿಹೋಗಿದ್ದರೆ ಅವಳ ಹಕ್ಕು ಏನಾಗುತ್ತಿತ್ತು, ಉಸ್ತಾದರೇ?"

"ಮುಳುಗಿದ್ದರೂ ಘಟ್ಟ ಅವಳದೇ, ದಂಡೆಯಲ್ಲಿ ನಿಂತಿದ್ದರೆ ಮಾತ್ರ ಕಳೆದುಕೊಳ್ಳುತ್ತಿದ್ದಳು" ಎಂದರು ಉಸ್ತಾದರು.

ಲತೀಫ 'ಹಕ್ಕ್' ಎಂಬ ಪದದ ಮುಂದೆ ಎರಡೂ ಅರ್ಥಗಳನ್ನು ಒಂದೇ ಸಾಲಿನಲ್ಲಿ ಬರೆದುಕೊಂಡ.