ಅಜ್ಜಿಗೆ ಗವಸು

ಹರಿಹರದ ಮಕ್ಕಳ ಥೆರಪಿ ಕೇಂದ್ರವೊಂದರಲ್ಲಿ ಒಂದು ಬುಧವಾರ ಬೆಳಿಗ್ಗೆ ಅಜ್ಜಿಯೊಬ್ಬರ ಎರಡೂ ಕೈಗಳಿಗೆ ಗವಸು ತೊಡಿಸಲಾಯಿತು. ಪರಿಸ್ಥಿತಿ ಬಿಗುವಿನಿಂದ ಕೂಡಿತ್ತು, ಆದರೆ ಹತೋಟಿಯಲ್ಲಿತ್ತು.

ಘಟನೆಯ ಹಿನ್ನೆಲೆ ಹೀಗಿದೆ. ಸರ್ವಮಂಗಳಮ್ಮನವರ ಮೊಮ್ಮಗಳು ಇಂಚರಳಿಗೆ ಐದು ವರ್ಷ. ಹುಟ್ಟಿದಾಗಿನಿಂದ ಅವಳ ಬಲಗೈಯಲ್ಲಿ ಶಕ್ತಿ ಕಡಿಮೆ. ಬೆರಳುಗಳು ಮುಷ್ಟಿ ಕಟ್ಟಿಕೊಂಡೇ ಇರುತ್ತವೆ. ಅವಳು ಎಲ್ಲ ಕೆಲಸವನ್ನೂ ಎಡಗೈಯಲ್ಲೇ ಮಾಡುತ್ತಿದ್ದಳು, ಊಟವನ್ನೂ. ಕೈಗೆ ಬಲವಿಲ್ಲ ಎಂದು ಅಜ್ಜಿ ಅತ್ತದ್ದುಂಟು. ಎಡಗೈ ಊಟಕ್ಕೆ ಅತ್ತದ್ದು ಅದಕ್ಕಿಂತ ಹೆಚ್ಚು.

ಥೆರಪಿಸ್ಟ್ ನಿಖತ್ ಒಂದು ಉಪಾಯ ಹೇಳಿದ್ದರು. ತಿನ್ನುವ ಹೊತ್ತಿನಲ್ಲಿ ಚೆನ್ನಾಗಿರುವ ಎಡಗೈಗೆ ಬಟ್ಟೆಯ ಗವಸು ಹಾಕಬೇಕು. ಆಗ ಬಲಗೈ ವಿಧಿಯಿಲ್ಲದೆ ಕೆಲಸ ಕಲಿಯುತ್ತದೆ. ಈ ವಯಸ್ಸು ದಾಟಿದರೆ ಕಲಿಸುವುದು ಬಲು ಕಷ್ಟ, ಬಳಸದ ಕೈಯನ್ನು ಮೆದುಳು ಮರೆಯುತ್ತಾ ಹೋಗುತ್ತದೆ ಎಂದು ಎಚ್ಚರಿಸಿದ್ದರು. ಎಷ್ಟು ಅತ್ತರೂ ಗವಸು ಬಿಚ್ಚಬೇಡಿ ಎಂದು ಮತ್ತೆ ಮತ್ತೆ ಹೇಳಿದ್ದರು.

ಅಜ್ಜಿ ಬಿಚ್ಚಲಿಲ್ಲ. ಹೇಳಿದ ಮಾತು ಮೀರುವವರಲ್ಲ ಅವರು. ದಿನವೂ ಸೊಸೆ ಕೆಲಸಕ್ಕೆ ಹೊರಟ ಕೂಡಲೇ ಗವಸನ್ನು ಭದ್ರವಾಗಿ ಕಟ್ಟಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಟ್ಟೆಯಲ್ಲಿದ್ದುದನ್ನೆಲ್ಲ ತಮ್ಮ ಕೈಯಾರೆ ಉಣಿಸುತ್ತಿದ್ದರು. ಉಣಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಎಡಗೈ ಊಟವಂತೂ ನಿಂತಿತ್ತು. ಚಿಕಿತ್ಸೆ ಫಲ ಕೊಡುತ್ತಿದೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು.

ಆ ಬುಧವಾರದ ತಿಂಡಿ ಕೇಂದ್ರದಲ್ಲೇ ಆಗಲಿ ಎಂದು ನಿಖತ್ ತಿಳಿಸಿದ್ದರು. ಮಗುವಿನ ಎಡಗೈಗೆ ಗವಸು ಹಾಕಿ ಮುಂದೆ ಇಡ್ಲಿ ಇಟ್ಟರು. ಇಂಚರ ತಟ್ಟೆಯ ಕಡೆ ನೋಡಲೇ ಇಲ್ಲ. ಅಜ್ಜಿಯ ಕಡೆ ತಿರುಗಿ ಬಾಯಿ ತೆರೆದಳು.

ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನಿಖತ್‌ಗೆ ತಿಳಿಯಿತು. ಬೀರುವಿನಿಂದ ಇನ್ನೆರಡು ಗವಸು ತಂದರು.

"ಅಮ್ಮಾ, ಕೈ ಕೊಡಿ."

"ನನಗೇನಾಗಿದೆ? ನನ್ನ ಕೈ ಚೆನ್ನಾಗೇ ಇದೆ."

"ತೊಂದರೆ ಆಗಿರೋದೇ ಅದರಿಂದ," ಎಂದರು ನಿಖತ್, ಅಜ್ಜಿಯ ಎರಡೂ ಕೈಗೆ ಗವಸು ಕಟ್ಟುತ್ತಾ.

ಇಂಚರ ಬಾಯಿ ತೆರೆದುಕೊಂಡು ಕಾದಳು. ಮುಚ್ಚಿದಳು. ಆಮೇಲೆ ಅತ್ತಳು. ಬಲ ಮುಷ್ಟಿ ತಟ್ಟೆಯ ಅಂಚಿಗೆ ತಗುಲಿ ಜಾರಿತು. ಹಸಿದ ಮಗು ಅಳುವುದನ್ನು ಕೂತು ನೋಡುವ ಈ ಹೆಂಗಸು ಮಕ್ಕಳನ್ನು ಹೆತ್ತಿದ್ದಾಳೋ ಇಲ್ಲವೋ ಎಂದುಕೊಂಡರು ಅಜ್ಜಿ. ಗವಸಿನ ದಾರವನ್ನು ಹಲ್ಲಿನಿಂದ ಬಿಚ್ಚುವ ಯೋಚನೆಯೂ ಬಂತು. ಹಲ್ಲಿನ ಸೆಟ್ಟು ಮನೆಯಲ್ಲಿತ್ತು.

ಅಳುತ್ತಿದ್ದ ಇಂಚರಳ ಕಣ್ಣು ಅಜ್ಜಿಯ ಕೈಗಳ ಮೇಲೆ ಬಿತ್ತು. ಅಳು ನಿಂತಿತು.

"ಅಜ್ಜಿ, ನಿನ್ನ ಕೈಗೂ ಆಗಲ್ವಾ?"

"ಆಗಲ್ಲ ಕಣೇ ಪುಟ್ಟಿ."

"ಮತ್ತೆ ನಿಂಗ್ಯಾರು ತಿನ್ನಿಸ್ತಾರೆ?"

ಅಜ್ಜಿ ಗವಸು ತೊಟ್ಟ ಕೈಗಳನ್ನು ಎತ್ತಿ ತೋರಿಸಿದರು.

ಇಂಚರ ತನ್ನ ಮುಷ್ಟಿಯನ್ನು ತುಂಬ ಹೊತ್ತು ನೋಡಿದಳು. ಹೆಬ್ಬೆರಳು ಮಿಸುಕಿತು. ಮುಷ್ಟಿ ಇಡ್ಲಿಯ ಮೇಲೆ ಕುಸಿದು ಅದನ್ನು ಹಿಸುಕಿತು. ಅರೆಬಿಚ್ಚಿದ ಬೆರಳುಗಳ ನಡುವೆ ಒಂದು ತುಣುಕು ಸಿಕ್ಕಿಕೊಂಡಿತು. ತೋಳು ಅಜ್ಜಿಯ ಕಡೆಗೆ ಮೇಲೆದ್ದಿತು, ನಡುಗಿತು, ಅರ್ಧ ದಾರಿಯಲ್ಲಿ ನಿಂತಿತು. ಅಜ್ಜಿಯ ಕುತ್ತಿಗೆ ತಾನಾಗಿಯೇ ಮುಂದೆ ಚಾಚಿತು.

ನಿಖತ್ ಅಜ್ಜಿಯ ಭುಜ ಹಿಡಿದು ಹಿಂದಕ್ಕೆ ಸರಿಸಿದರು. "ನೀವು ಹೋಗಬೇಡಿ. ಆ ಕೈಯೇ ಬರಲಿ."

ತೋಳು ಕೆಳಗೆ ಬಿತ್ತು. ಅಜ್ಜಿ ಕಣ್ಣು ಮುಚ್ಚಿಕೊಂಡರು. ಮತ್ತೆ ತೆರೆದಾಗ ತೋಳು ಪುನಃ ಮೇಲೇಳುತ್ತಿತ್ತು. ಅವರ ಗಲ್ಲಕ್ಕೆ ತಾಗಿತು, ಮೂಗನ್ನು ಸವರಿತು, ಕೊನೆಗೆ ತುಟಿಗೆ ಬಂತು. ಅಜ್ಜಿ ಬಾಯಿ ತೆರೆದರು.

"ಅಗಿದು ನುಂಗು," ಎಂದಳು ಇಂಚರ, ಅಜ್ಜಿಯದೇ ಗದರುವ ದನಿಯಲ್ಲಿ. ಎರಡನೆಯ ತುಣುಕನ್ನು ತನ್ನ ಬಾಯಿಗೇ ಇಟ್ಟುಕೊಂಡಳು.

ವರ್ಷ ತುಂಬುವ ಹೊತ್ತಿಗೆ ಇಂಚರ ಇಡ್ಲಿ, ಉಪ್ಪಿಟ್ಟು ಬಲಗೈಯಲ್ಲಿ ತಿನ್ನುತ್ತಿದ್ದಳು. ಸಾರನ್ನ ಇನ್ನೂ ಎಡಗೈಯಲ್ಲೇ. ಚೆಲ್ಲಿದ್ದನ್ನು ಒರೆಸುವ ಕೆಲಸ ಅಜ್ಜಿಯದಾಗಿತ್ತು.

ನೀತಿ: ಮಗು ಕಷ್ಟಪಡುವುದನ್ನು ನೋಡಲಾರದೆ ಅದರ ಕೆಲಸವನ್ನು ನಾವೇ ಮಾಡಿಕೊಟ್ಟರೆ ತಪ್ಪುವುದು ನಮ್ಮ ಕಷ್ಟ. ಮಗುವಿನದು ಹಾಗೇ ಉಳಿಯುತ್ತದೆ.